ಅಮೆರಿಕದ ಕಂಪ್ಯೂಟರನ್ನು ಮುಂಬೈ ಪ್ಲಗ್ಗಿಗೆ ಹಾಕುವ ಮುಂಚೆ

ಮುಂಬೈಯಲ್ಲಿರುವ ನಮ್ಮವರ ಮನೆಗಳಲ್ಲಿ ಹೊರದೇಶದ ಒಂದಲ್ಲ ಒಂದು ಸಾಮಾನು ಇದ್ದೇ ಇರುತ್ತದೆ. ಅಕ್ಕನ ಮಗ ನ್ಯೂಜೆರ್ಸಿಯಿಂದ ವಾಪಸ್ ಬರುವಾಗ ತನ್ನ ಡೆಸ್ಕ್‌ಟಾಪ್ ಕಟ್ಟಿಕೊಂಡು ಬರುತ್ತಾನೆ, ಹಡಗಿನಲ್ಲಿರುವ ಭಾವ ಜಪಾನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸ್ಪೀಕರ್ ತರುತ್ತಾರೆ, ಇನ್ಯಾರೋ ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆಯ ಇಂಪೋರ್ಟೆಡ್ ವರ್ಕ್‌ಸ್ಟೇಷನ್ ಹುಡುಕಿ ತೆಗೆದುಕೊಳ್ಳುತ್ತಾರೆ. ಆಮೇಲೆ ಫೋನ್ ಬರುತ್ತದೆ: "ಮಾವ, ಇದು ಇಲ್ಲಿ ನಡೆಯುತ್ತಾ?"

ಪಿನ್ ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ತೊಂದರೆ ಆಗುವುದೇ ಇಲ್ಲಿ. ಅಮೆರಿಕದ ಎರಡು ಚಪ್ಪಟೆ ಪಿನ್ನು ನಮ್ಮ ಎಕ್ಸ್‌ಟೆನ್ಶನ್ ಬೋರ್ಡಿನ ಎಲ್ಲ ದೇಶದ ಪಿನ್ ಹಿಡಿಯುವ ತೂತಿನೊಳಗೆ ಸಲೀಸಾಗಿ ಹೋಗುತ್ತದೆ. ಹೋಯಿತಲ್ಲ ಅಂತ ಸ್ವಿಚ್ ಹಾಕಿಬಿಡುತ್ತಾರೆ. ಅಲ್ಲಿ 120 ವೋಲ್ಟ್, ಇಲ್ಲಿ 230 ವೋಲ್ಟ್. ಜಪಾನಿನಲ್ಲಿ ಇನ್ನೂ ಕಡಿಮೆ, 100. ತೈವಾನಿನಲ್ಲಿ 110. ದುಬೈ, ಕುವೈತ್, ಕತಾರ್, ಮಸ್ಕತ್ತಿನ ಸಾಮಾನಿಗೆ ಈ ಚಿಂತೆ ಇಲ್ಲ, ಅಲ್ಲಿಯದು ನಮ್ಮ ಹಾಗೇ 220ರಿಂದ 240, ಪಿನ್ ಮಾತ್ರ ಬೇರೆ. ಸೌದಿಯಿಂದ ಬಂದ ಹಳೆಯ ಸಾಮಾನಾದರೆ ಒಂದು ಸಲ ನೋಡಿಕೊಳ್ಳಿ, ಅಲ್ಲಿ ಬಹಳ ಕಾಲ ಮನೆಗಳಲ್ಲಿ 127 ವೋಲ್ಟ್ ಇತ್ತು.

ಮೊದಲು ಚೀಟಿ ಓದಿ

ಪ್ರತಿ ಅಡಾಪ್ಟರಿನ ಹೊಟ್ಟೆಯ ಮೇಲೆ, ಸಾಮಾನ್ಯವಾಗಿ ಡೆಸ್ಕ್‌ಟಾಪಿನ ಹಿಂಭಾಗದಲ್ಲೂ, ಒಂದು ಚೀಟಿ ಇರುತ್ತದೆ. ಅಕ್ಷರ ಸಣ್ಣದು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಇನ್‌ಪುಟ್ ಅಂತ ಬರೆದ ಸಾಲು ಮಾತ್ರ ಬೇಕು. ಔಟ್‌ಪುಟ್ ಸಾಲಿನಲ್ಲಿ 19 ವೋಲ್ಟ್, 12 ವೋಲ್ಟ್ ಅಂತ ಇರುತ್ತದೆ, ಅದನ್ನು ನೋಡಿ ಗಾಬರಿ ಆಗಬೇಡಿ. ಅದು ಆಚೆ ಬರುವ ಕರೆಂಟು.

100-240 ಅಂತ ನಡುವೆ ಅಡ್ಡಗೆರೆ ಇದ್ದರೆ ಕೆಲಸ ಮುಗಿಯಿತು. ಜೊತೆಗೆ 50/60 ಹರ್ಟ್ಸ್ ಅಂತಲೂ ಇರುತ್ತದೆ. ಅದು ಲೋಕದ ಯಾವ ಮನೆಯ ಕರೆಂಟಿಗೂ ತಾನೇ ಹೊಂದಿಕೊಳ್ಳುತ್ತದೆ. ಈಗಿನ ಬಹುಪಾಲು ಎಲ್ಲ ಲ್ಯಾಪ್‌ಟಾಪ್ ಅಡಾಪ್ಟರು, ಮೊಬೈಲ್ ಚಾರ್ಜರು, ಎಲ್‌ಇಡಿ ಮಾನಿಟರು ಈ ಜಾತಿಯವೇ. ಪಿನ್ ಬದಲಿಸಿದರೆ ಸಾಕು.

115/230 ಅಂತ ಓರೆಗೆರೆ ಇದ್ದರೆ ಕೈ ನಿಲ್ಲಿಸಿ. ಇದೂ ಎರಡೂ ಕಡೆ ನಡೆಯುತ್ತದೆ, ಆದರೆ ತಾನೇ ನಡೆಯುವುದಿಲ್ಲ. ಎಲ್ಲೋ ಒಂದು ಸ್ವಿಚ್ ಇರುತ್ತದೆ, ಅದನ್ನು ನೀವು ಸರಿಸಬೇಕು. ಕೆಲವು ಚೀಟಿಗಳಲ್ಲಿ 100-127/200-240 ಅಂತ ಎರಡೂ ಗೆರೆ ಇರುತ್ತವೆ. ಅಂಥದ್ದರಲ್ಲಿ ಸುತ್ತ ಹುಡುಕಿ ನೋಡಿ. ಸ್ವಿಚ್ ಇಲ್ಲವಾದರೆ ಅದು ಸಾಮಾನ್ಯವಾಗಿ ತಾನೇ ಆರಿಸಿಕೊಳ್ಳುವ ಜಾತಿ.

ಬರೀ 120 ಅಥವಾ ಬರೀ 100 ಅಂತ ಇದ್ದರೆ ಅದನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕುವಂತೆಯೇ ಇಲ್ಲ. ಹಳೆಯ ರೂಟರ್ ಅಡಾಪ್ಟರು, ಸ್ಪೀಕರ್, ಪ್ರಿಂಟರ್ ಇವುಗಳಲ್ಲಿ ಇದು ಜಾಸ್ತಿ.

ಆ ಕೆಂಪು ಸ್ವಿಚ್

ಡೆಸ್ಕ್‌ಟಾಪಿನ ಹಿಂದೆ, ಕರೆಂಟ್ ವಾಯರ್ ಸಿಗಿಸುವ ಜಾಗದ ಪಕ್ಕದಲ್ಲೇ, ಒಳಗೆ ತಗ್ಗಿನಲ್ಲಿ ಕೂತ ಚಿಕ್ಕ ಕೆಂಪು ಸ್ವಿಚ್ಚು ಹಳೆಯ ಮಷೀನುಗಳಲ್ಲಿ ಕಾಣುತ್ತದೆ. ಅದರ ಮೇಲೆ 115 ಇಲ್ಲವೇ 230 ಅಂತ ಕಾಣಿಸುತ್ತದೆ. ಈ ಸ್ವಿಚ್ಚಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಒಳಗೆ ಏನಾಗುತ್ತದೆ ಅಂತ ಒಂದು ಸಲ ಗೊತ್ತಾದರೆ ಮರೆಯುವುದಿಲ್ಲ.

ಎಸ್‌ಎಂಪಿಎಸ್ ಅಂದರೆ ಮೇನ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬಿ. ಅದರ ಒಳಗೆ ಮೊದಲು ಆಗುವ ಕೆಲಸ ಎಸಿಯನ್ನು ಡಿಸಿ ಮಾಡುವುದು. ನಮ್ಮ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದರೆ ಸುಮಾರು 325 ವೋಲ್ಟ್ ಆಗುತ್ತದೆ, ಯಾಕೆಂದರೆ ಎಸಿಯ ತುದಿ 230ರ 1.414 ಪಟ್ಟು ಎತ್ತರ ಇರುತ್ತದೆ. ಅಲ್ಲಿ ಒಂದರ ಹಿಂದೆ ಒಂದರಂತೆ ಚಾರ್ಜ್ ತುಂಬಿಟ್ಟುಕೊಳ್ಳುವ ಎರಡು ದಪ್ಪ ಕೆಪಾಸಿಟರ್ ಇರುತ್ತವೆ. 325 ಇಬ್ಭಾಗವಾಗಿ ಒಂದೊಂದರ ಮೇಲೆ 163ರಷ್ಟು ಬೀಳುತ್ತದೆ. ಅವುಗಳ ತಾಕತ್ತು ಸಾಮಾನ್ಯವಾಗಿ 200 ವೋಲ್ಟ್. ಆರಾಮ.

ಅಮೆರಿಕದಲ್ಲಿ 115 ಕೊಟ್ಟರೆ ಡಿಸಿ 163 ಮಾತ್ರ ಆಗುತ್ತದೆ, ಮುಂದಿನ ಸರ್ಕ್ಯೂಟಿಗೆ ಅದು ಸಾಲದು. ಅದಕ್ಕೇ ಸ್ವಿಚ್ಚನ್ನು 115ಕ್ಕೆ ಸರಿಸಿದಾಗ ಒಳಗೆ ಜೋಡಣೆ ಬದಲಾಗುತ್ತದೆ: ಪ್ರತಿ ಕೆಪಾಸಿಟರಿಗೂ ಬೇರೆ ಬೇರೆಯಾಗಿ 163 ತುಂಬುತ್ತದೆ, ಎರಡೂ ಸೇರಿ ಮತ್ತೆ 325. ಜಾಣ ಲೆಕ್ಕ ಅಲ್ವಾ? ಈಗ ಸ್ವಿಚ್ಚು 115ರಲ್ಲೇ ಇರುವಾಗ ನೀವು ಮಾಟುಂಗಾದ ಮನೆಯಲ್ಲಿ 230 ಕೊಟ್ಟಿರಿ ಅಂದುಕೊಳ್ಳಿ. ಪ್ರತಿ ಕೆಪಾಸಿಟರಿಗೂ 325 ನುಗ್ಗುತ್ತದೆ, ಒಟ್ಟು 650. 200 ವೋಲ್ಟಿನ ಕೆಪಾಸಿಟರು, ಅದರ ಪಕ್ಕದ ಎಂಒವಿ (ವೋಲ್ಟೇಜಿನ ಏಟನ್ನು ತಾನು ತಿನ್ನುವ ಸಣ್ಣ ಬಿಲ್ಲೆ), ಮುಂದಿನ ಟ್ರಾನ್ಸಿಸ್ಟರು ಇದನ್ನು ತಡೆಯಲಾರವು. ಢಬ್ ಅಂತ ಸದ್ದು, ಒಂದು ಬೆಳಕು, ಹೊಗೆ. ಬಹಳ ಸಲ ಮೇನ್ ಎಂಸಿಬಿಯೂ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚೂ, ಬೀಳುತ್ತದೆ. ಆಮೇಲೆ ಮೀನಿನ ವಾಸನೆಗೆ ಹತ್ತಿರದ ಒಂದು ಕಮಟು, ಅದು ಕೆಪಾಸಿಟರಿನೊಳಗಿನ ದ್ರವದ್ದು. ಪಕ್ಕದ ಮನೆಯವರು ಬಂಗುಡೆ ಹುರಿಯುತ್ತಿದ್ದಾರೆ ಅಂದುಕೊಂಡು ಸುಮ್ನೆ ಕೂರಬೇಡಿ.

ಹಾಗಾಗಿ ಕ್ರಮ ಇಷ್ಟು. ವಾಯರನ್ನು ಗೋಡೆಯಿಂದ ಪೂರ್ತಿ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಚಿಕ್ಕ ಚಪ್ಪಟೆ ಸ್ಕ್ರೂಡ್ರೈವರಿನಿಂದ ಕೆಂಪು ಸ್ವಿಚ್ಚನ್ನು ಪೂರ್ತಿ 230ರ ಕಡೆ ಸರಿಸಿ. ಅರ್ಧದಲ್ಲಿ ನಿಲ್ಲಬಾರದು, ಟಕ್ ಅನ್ನಬೇಕು. 230 ಅನ್ನುವ ಅಂಕಿ ಸ್ಪಷ್ಟವಾಗಿ ಕಾಣುತ್ತಿದೆಯೇ ನೋಡಿ. ಆಮೇಲೆ ಅದರ ಮೇಲೆ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿಬಿಡಿ. ಮನೆಯಲ್ಲಿ ಮಕ್ಕಳಿದ್ದರೆ ಕೆಂಪು ಬಣ್ಣದ ಸಣ್ಣ ವಸ್ತುವಿಗೆ ಎಷ್ಟು ಆಕರ್ಷಣೆ ಅಂತ ನಿಮಗೇ ಗೊತ್ತು.

ಸ್ವಿಚ್ಚೇ ಇಲ್ಲದ ಡೆಸ್ಕ್‌ಟಾಪಾದರೆ ಖುಷಿ ಪಡುವ ಮುಂಚೆ ಚೀಟಿ ಓದಿ. ಆಕ್ಟಿವ್ ಪಿಎಫ್‌ಸಿ ಅನ್ನುವ, ಕರೆಂಟನ್ನು ಸಮನಾಗಿ ಎಳೆದುಕೊಳ್ಳುವ ಸರ್ಕ್ಯೂಟ್ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳು ಸಾಮಾನ್ಯವಾಗಿ 100-240 ಇರುತ್ತವೆ. ಆದರೆ ಅಗ್ಗದ ಕೆಲವಕ್ಕೆ ಸ್ವಿಚ್ಚೂ ಇಲ್ಲ, ಆ ಗುಣವೂ ಇಲ್ಲ, ಒಂದೇ ವೋಲ್ಟೇಜಿಗೆ ಮಾಡಿರುತ್ತಾರೆ.

ವಾಯರ್, ಪಿನ್, ಅರ್ಥಿಂಗ್

ಕನ್ವರ್ಟರ್ ಪ್ಲಗ್ ಅಂತ ಅಂಗಡಿಯಲ್ಲಿ ಕೊಡುವ ಬಿಳಿ ಡಬ್ಬಿ ವೋಲ್ಟೇಜನ್ನು ಬದಲಿಸುವುದಿಲ್ಲ. ಅದು ಪಿನ್ನಿನ ಆಕಾರ ಬದಲಿಸುತ್ತದೆ, ಅಷ್ಟೆ. ಈ ಒಂದು ಮಾತನ್ನು ಮನೆಯ ದೊಡ್ಡವರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಡೆಸ್ಕ್‌ಟಾಪಿಗೆ ಆ ಡಬ್ಬಿಯೂ ಬೇಡ. ಮಷೀನಿನ ಕಡೆಯ ತುದಿ ಎಲ್ಲ ದೇಶದಲ್ಲೂ ಒಂದೇ ಅಳತೆ, ಹಾಗಾಗಿ ನಮ್ಮ ಮೂರು ಪಿನ್ನಿನ ಕಂಪ್ಯೂಟರ್ ವಾಯರ್ ತಂದು ಅಮೆರಿಕದ್ದನ್ನು ಪಕ್ಕಕ್ಕೆ ಇಡಿ. ಅಮೆರಿಕದ ವಾಯರಿನ ಪಿನ್ ಮೇಲೆ 125 ವೋಲ್ಟ್ ಅಂತ ಬರೆದಿರುತ್ತದೆ, ಅದನ್ನು 230ಕ್ಕೆ ಯಾಕೆ ಬಳಸಬೇಕು? ಗ್ರಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಸಿಗುತ್ತದೆ. ಬೋರ್ಡುಗಳಲ್ಲಿ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಅಂತ ಇದ್ದರೆ ಗೊಂದಲ ಬೇಡ, ಅದೇ ರಸ್ತೆ. ಪುಣೆಯವರಿಗೆ ಬುಧವಾರ ಪೇಠೆಯ ತಪ್ಕೀರ್ ಗಲ್ಲಿ ಇದೆ. ಕೈಯಲ್ಲಿ ಹಿಡಿದು ನೋಡಿ, ತೀರಾ ಹಗುರ ಇದ್ದರೆ ಒಳಗಿನ ತಾಮ್ರ ಕಡಿಮೆ.

ಮೂರನೇ ಪಿನ್ನನ್ನು ಮುರಿದು ಹಾಕುವವರನ್ನು ನೋಡಿದ್ದೇನೆ. ಮಾಡಬೇಡಿ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ (ಕರೆಂಟ್ ಬರುವ ತಂತಿ) ನ್ಯೂಟ್ರಲ್‌ನಿಂದಲೂ (ವಾಪಸ್ ಹೋಗುವ ತಂತಿ) ಕ್ಯಾಬಿನೆಟ್ಟಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ತಗಡು ಎರಡರ ನಡುವೆ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೂಗಾಡುತ್ತಿರುತ್ತದೆ. ಕರೆಂಟ್ ಬಹಳ ಕಡಿಮೆ, ಆದರೂ ಬರಿಗಾಲಲ್ಲಿ ಮುಟ್ಟಿದರೆ ಜುಂ ಅನ್ನುತ್ತದೆ. ಹಳೆಯ ಚಾಳುಗಳಲ್ಲಿ, 40-50 ವರ್ಷದ ಬಿಲ್ಡಿಂಗುಗಳಲ್ಲಿ ಪ್ಲಗ್ಗಿಗೆ ಮೂರು ತೂತು ಇದ್ದರೂ ಅರ್ಥ್ ವಾಯರ್ ಹಿಂದೆ ಎಲ್ಲಿಗೂ ಹೋಗಿರುವುದಿಲ್ಲ. ನೋಡುವುದು ಸುಲಭ. ಮಲ್ಟಿಮೀಟರನ್ನು ಎಸಿ 600 ಅಥವಾ 750ಕ್ಕೆ ಇಡಿ. ಫೇಸ್-ನ್ಯೂಟ್ರಲ್ ನಡುವೆ 220ರಿಂದ 245ರ ಒಳಗೆ ಬಂದರೆ ಚೆನ್ನ. ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಕೆಲವೇ ವೋಲ್ಟ್. ಫೇಸ್-ಅರ್ಥ್ ನಡುವೆ ಅಂಕಿ ಕಡಿಮೆ ಬಂದು ಕುಣಿಯುತ್ತಿದ್ದರೆ ಅರ್ಥಿಂಗ್ ಇಲ್ಲ, ವಾಯರ್‌ಮನ್‌ನನ್ನು ಕರೆಯಿರಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಈ ಅಳತೆಯನ್ನೂ ಅವರಿಂದಲೇ ಮಾಡಿಸಿ. ಜೇಬಿನ ನಿಯಾನ್ ಟೆಸ್ಟರು ಇದಕ್ಕೆ ಆಗುವುದಿಲ್ಲ. ಅದು ಹತ್ತಿತು ಅಂದರೆ ಫೇಸ್ ಇದೆ ಅಂತ ಗೊತ್ತಾಗುತ್ತದೆ, ಎಷ್ಟು ವೋಲ್ಟ್ ಅಂತ ಗೊತ್ತಾಗುವುದಿಲ್ಲ.

ಬರೀ 120 ಅಂತ ಇರುವ ಸಾಮಾನಿಗೆ

ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 230ರಿಂದ 110ಕ್ಕೆ ಇಳಿಸುವಂಥದ್ದು. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಲೋಹಾರ್ ಚಾಳಿನ ಕಡೆ ಇಂಥ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗಳು ಸಾಲಾಗಿ ಇವೆ. ಸಾಮಾನಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಇದೆಯೋ ಅದರ ಒಂದೂವರೆ, ಎರಡು ಪಟ್ಟು ತಾಕತ್ತಿನದು ತೆಗೆದುಕೊಳ್ಳಿ. ಬರೀ ಆಂಪ್ ಬರೆದಿದ್ದರೆ ವೋಲ್ಟಿನಿಂದ ಗುಣಿಸಿ. ಭಾರ ಇರುವುದೇ ಅದರ ಗುಣ. ವಿಮಾನ ಪ್ರಯಾಣಕ್ಕೆ ಅಂತ ಮಾರುವ ಅಂಗೈಯಗಲದ ಹಗುರ ವೋಲ್ಟೇಜ್ ಕನ್ವರ್ಟರು ಬೇಡ. ಅವುಗಳಲ್ಲಿ ಬಹಳಷ್ಟು ಹೇರ್ ಡ್ರೈಯರ್‌ನಂಥ ಬಿಸಿ ಮಾಡುವ ಸಾಮಾನಿಗೆ ಅಂತ ಮಾಡಿದ್ದು, ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ, ಎಲೆಕ್ಟ್ರಾನಿಕ್ಸ್ ಅದನ್ನು ಸಹಿಸುವುದಿಲ್ಲ.

ಕೇಳಿ ತೆಗೆದುಕೊಳ್ಳಬೇಕಾದ ಇನ್ನೊಂದು ವಿಷಯ: ಆಟೋ ಟ್ರಾನ್ಸ್‌ಫಾರ್ಮರೋ, ಎರಡು ಬೇರೆ ಸುರುಳಿ ಇರುವ ಐಸೊಲೇಷನ್ ಮಾದರಿಯೋ? ಆಟೋ ಅಗ್ಗ. ಆದರೆ ಒಳಗೆ ಸುರುಳಿ ತಪ್ಪು ಜಾಗದಲ್ಲಿ ಕಡಿದರೆ ಪೂರ್ತಿ 230 ಆಚೆ ಬರಬಹುದು. ಸಾಮಾನು ದುಬಾರಿಯದಾದರೆ ನಾನು ಎರಡನೆಯದಕ್ಕೇ ಹಣ ಹಾಕುತ್ತೇನೆ.

ಲೇಸರ್ ಪ್ರಿಂಟರ್ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ: ಅಲ್ಲೇ ಮಾರಿ ಬನ್ನಿ. ಅದರೊಳಗೆ ಕಾಗದವನ್ನು ಬಿಸಿ ಮಾಡುವ ಫ್ಯೂಸರ್ ನೇರ ಮೇನ್ ಕರೆಂಟಿನಲ್ಲಿ ಓಡುತ್ತದೆ, ಹಾಗಾಗಿ ಅಲ್ಲಿಯದು ಅಲ್ಲಿಗೆ, ಇಲ್ಲಿಯದು ಇಲ್ಲಿಗೆ ಅಂತಲೇ ಮಾಡಿರುತ್ತಾರೆ. ಬಿಸಿ ಮಾಡುವ ಸಾಮಾನಿಗೆ 120ರ ಬದಲು 230 ಕೊಟ್ಟರೆ ವ್ಯಾಟ್ ಎರಡು ಪಟ್ಟಲ್ಲ, ಮೂರೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅದನ್ನು ಓಡಿಸಲು ಬೇಕಾಗುವ ಟ್ರಾನ್ಸ್‌ಫಾರ್ಮರು ಪ್ರಿಂಟರಿಗಿಂತ ಭಾರ. ಹಳೆಯ ಗೇಮ್ ಬಾಕ್ಸುಗಳಲ್ಲೂ ಕೆಲವಕ್ಕೆ ಅಲ್ಲಿಯ ಇಟ್ಟಿಗೆ ಗಾತ್ರದ ಅಡಾಪ್ಟರ್ ಬರೀ 120ರದು, ಅಂಥದ್ದಕ್ಕೆ ಇಲ್ಲಿಯ ಅಡಾಪ್ಟರ್ ಕೊಳ್ಳುವುದೇ ಸರಿ.

ಢಬ್ ಅಂದ ಮೇಲೆ

ಹೊಗೆ ಬರುತ್ತಿದ್ದರೆ ಕಂಪ್ಯೂಟರಿನ ಹಿಂದೆ ಕೈ ಹಾಕಬೇಡಿ. ಗೋಡೆಯ ಸ್ವಿಚ್ ಹತ್ತಿರ ಇದ್ದರೆ ಅದು, ಇಲ್ಲದಿದ್ದರೆ ಮೇನ್ ಆಫ್ ಮಾಡಿ. ಆಮೇಲೆ ವಾಯರ್ ಕೀಳಿ. ಕಿಟಕಿ ತೆರೆಯಿರಿ. ಬೆಂಕಿ ಕಂಡರೆ ನೀರು ಹಾಕಬೇಡಿ, ಬಿಲ್ಡಿಂಗಿನ ಮೆಟ್ಟಿಲ ಬಳಿ ಇರುವ ಪೌಡರ್ ಅಥವಾ ಸಿಒ2 ಸಿಲಿಂಡರ್ ಬಳಸಿ. ಅದು ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಂಡರೆ ಒಳ್ಳೆಯದು.

ಬಿದ್ದ ಎಂಸಿಬಿಯನ್ನು ಎತ್ತಿ "ಇನ್ನೊಂದು ಸಲ ನೋಡೋಣ" ಅನ್ನುವುದು ಬೇಡ. ಎಲ್ಲರಿಗೂ ಹಾಗೆ ಅನ್ನಿಸುತ್ತದೆ. ಒಳಗೆ ಏನೋ ಶಾರ್ಟ್ ಆಗಿದೆ ಅಂತಲೇ ಅದು ಬಿದ್ದದ್ದು. ಎಸ್‌ಎಂಪಿಎಸ್ ಬಿಚ್ಚಿ ಫ್ಯೂಸ್ ಬದಲಿಸುವ ಆಸೆಯನ್ನೂ ಬಿಡಿ. ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿದ್ದರೆ ವಾಯರ್ ಕಿತ್ತ ಮೇಲೂ ಜೋರಾಗಿ ಹೊಡೆಯುತ್ತದೆ, ಮತ್ತೆ ಫ್ಯೂಸ್ ಸುಟ್ಟದ್ದು ಇನ್ನೇನೋ ಸುಟ್ಟದ್ದರಿಂದ. ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ.

ಸಮಾಧಾನದ ಸುದ್ದಿಯೂ ಇದೆ. ಮೇನ್ ಕರೆಂಟ್ ಬರುವ ಭಾಗಕ್ಕೂ ಮದರ್‌ಬೋರ್ಡಿಗೆ 12, 5, 3.3 ವೋಲ್ಟ್ ಕೊಡುವ ಭಾಗಕ್ಕೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎರಡು ಕಡೆಗೂ ತಂತಿಯ ನೇರ ಸಂಬಂಧ ಇಲ್ಲ. ಹಾಗಾಗಿ ಬಹಳ ಸಲ ಈ ಕಡೆಯದು ಮಾತ್ರ ಸತ್ತು ಆ ಕಡೆಯದು ಉಳಿಯುತ್ತದೆ. ಹಾರ್ಡ್ ಡಿಸ್ಕ್ ಹೋಯಿತು, ಮಗುವಿನ ಫೋಟೋ ಎಲ್ಲ ಹೋಯಿತು ಅಂತ ಅಳುವ ಮುಂಚೆ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. 3.5 ಇಂಚಿನ ಡಿಸ್ಕಾದರೆ ತನ್ನದೇ ಅಡಾಪ್ಟರ್ ಇರುವ ಕೇಸ್ ಬೇಕು. ಓದಿತು ಅಂದರೆ ಮೊದಲು ಕಾಪಿ, ಮಿಕ್ಕಿದ್ದೆಲ್ಲ ಆಮೇಲೆ.

ಆಮೇಲೆ ಹೊಸ ಎಸ್‌ಎಂಪಿಎಸ್. ಅದನ್ನು ಮದರ್‌ಬೋರ್ಡಿಗೆ ಸಿಗಿಸುವ ಮುಂಚೆ ಒಂಟಿಯಾಗಿ ನೋಡಬಹುದು: 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವಾಯರನ್ನೂ ಯಾವುದಾದರೂ ಕಪ್ಪು ವಾಯರನ್ನೂ ಒಂದು ಪೇಪರ್ ಕ್ಲಿಪ್ಪಿನಿಂದ ಜೋಡಿಸಿ, ಒಂದು ಫ್ಯಾನ್ ಸಿಗಿಸಿ, ಕರೆಂಟ್ ಕೊಡಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ಬಂದರೆ ಸರಿ. ಎಲ್ಲ ವಾಯರೂ ಕಪ್ಪಗೇ ಇರುವ ಮಾದರಿಯಾದರೆ ಈ ಆಟ ಬೇಡ, ಅಂಗಡಿಯಲ್ಲೇ ಟೆಸ್ಟ್ ಮಾಡಿಸಿ. ಮೊದಲ ಸಲ ಬರೀ ಮದರ್‌ಬೋರ್ಡು, ಪ್ರೊಸೆಸರು, ಒಂದು ರ‍್ಯಾಮ್ ಇಟ್ಟು ಹಚ್ಚಿ.

ಸುಟ್ಟ ಎಸ್‌ಎಂಪಿಎಸ್ ರಿಪೇರಿ ಮಾಡಿಸಲೇಬೇಕು ಅಂದರೆ, ಮಾಡಿದವರು ಅದನ್ನು ನಿಮ್ಮ ಮುಂದೆ ಸೀರೀಸ್ ಬೋರ್ಡಿನಲ್ಲಿ ಹಚ್ಚಿ ತೋರಿಸಲಿ. 100 ವ್ಯಾಟಿನ ಹಳೆಯ ಬಲ್ಬಿನ ಮೂಲಕ ಕರೆಂಟ್ ಕೊಡುವ ಬೋರ್ಡು ಅದು. ಬಲ್ಬು ಒಂದು ಸಲ ಮಿಂಚಿ ಮಂಕಾದರೆ ಪರವಾಗಿಲ್ಲ, ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ. ಎಲ್‌ಇಡಿ ಬಲ್ಬಿನಿಂದ ಇದು ಗೊತ್ತಾಗುವುದಿಲ್ಲ. ನನ್ನನ್ನು ಕೇಳಿದರೆ, ಹೊಸದೇ ತೆಗೆದುಕೊಳ್ಳಿ. ಸುಟ್ಟದ್ದನ್ನು ಇ-ವೇಸ್ಟಿಗೆ ಕೊಡಿ.

ಪ್ಲಗ್ಗೇ ತಪ್ಪು ವೋಲ್ಟೇಜ್ ಕೊಟ್ಟರೆ

ಇದು ಹೊರದೇಶದ ಸಾಮಾನು ಇಲ್ಲದವರಿಗೂ ಆಗುವ ಕಥೆ. ಬಿಲ್ಡಿಂಗಿಗೆ ಮೂರು ಫೇಸ್ ಬರುತ್ತದೆ, ಒಂದೊಂದು ಫ್ಲಾಟಿಗೆ ಒಂದೊಂದು ಫೇಸ್, ನ್ಯೂಟ್ರಲ್ ಎಲ್ಲರಿಗೂ ಸೇರಿ ಒಂದು. ಎರಡು ಫೇಸ್ ನಡುವೆ 400 ವೋಲ್ಟ್ ಇರುತ್ತದೆ. ಮಳೆಗಾಲದಲ್ಲಿ ನೆಲಮಹಡಿಯ ಮೀಟರ್ ರೂಮಿಗೆ ನೀರು ನುಗ್ಗಿಯೋ, ಹಳೆಯ ಸ್ಕ್ರೂ ಸಡಿಲಾಗಿಯೋ ಆ ಸಾಮಾನ್ಯ ನ್ಯೂಟ್ರಲ್ ಬಿಟ್ಟುಹೋದರೆ ನಿಮ್ಮ ಮನೆಯೂ ಪಕ್ಕದ ಮನೆಯೂ ಆ 400ನ್ನು ತಮ್ಮತಮ್ಮ ಲೋಡಿನ ಪ್ರಕಾರ ಹಂಚಿಕೊಳ್ಳುತ್ತವೆ. ಅವರು ಗೀಸರ್ ಹಾಕಿದ್ದರೆ ಅವರಿಗೆ ಕಡಿಮೆ, ಎರಡೇ ಲೈಟ್ ಹಾಕಿರುವ ನಿಮಗೆ 300ರ ಮೇಲೆ. ಆಗ 100-240 ಅಂತ ಬರೆದ ಅಡಾಪ್ಟರೂ ಉಳಿಯದು. ಗಣಪತಿ ಮಂಡಲದ ಪೆಂಡಾಲುಗಳಲ್ಲಿ, ತಾತ್ಕಾಲಿಕ ವಾಯರಿಂಗ್ ಇರುವ ಕಡೆಯಲ್ಲೂ ಇದೇ ಭಯ. ಅಲ್ಲಿ ಸೌಂಡಿನವರ ಬೋರ್ಡಿಗೆ ಲ್ಯಾಪ್‌ಟಾಪ್ ಸಿಗಿಸುವ ಬದಲು ಬ್ಯಾಟರಿಯಲ್ಲೇ ಹಾಡು ಹಾಕುವುದು ಜಾಣತನ.

ಗುರುತು ಹಿಡಿಯುವುದು ಕಷ್ಟ ಅಲ್ಲ. ಲೈಟು ಇದ್ದಕ್ಕಿದ್ದಂತೆ ಜಾಸ್ತಿ ಹೊಳೆಯುತ್ತದೆ, ಫ್ಯಾನ್ ಓಡುವ ಸದ್ದು ಬದಲಾಗುತ್ತದೆ, ಪಕ್ಕದ ಮನೆಯವರು ಕರೆಂಟ್ ಡಿಮ್ ಆಗಿದೆ ಅಂತ ಬಾಗಿಲಿಗೆ ಬರುತ್ತಾರೆ. ಒಂದೊಂದೇ ಸ್ವಿಚ್ ಹುಡುಕುತ್ತಾ ಕೂರಬೇಡಿ, ನೇರ ಮೇನ್ ಆಫ್. ಆಮೇಲೆ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ. ಬೆಸ್ಟ್, ಅದಾನಿ, ಟಾಟಾ, ಮಹಾವಿತರಣ, ನಿಮ್ಮದು ಯಾವುದೋ ಅದು. ನ್ಯೂಟ್ರಲ್ ಹೋಗಿದೆ ಅಂತ ಅದೇ ಮಾತಿನಲ್ಲಿ ಹೇಳಿ. ಸೊಸೈಟಿ ಸೆಕ್ರೆಟರಿಗೂ ಹೇಳಿ, ಮಿಕ್ಕ ಮನೆಗಳೂ ಮೇನ್ ತೆಗೆಯಲಿ.

ಸ್ಪೈಕ್ ಗಾರ್ಡ್ ಇದೆಯಲ್ಲ ಅನ್ನಬೇಡಿ. ಅದು ಕ್ಷಣದ ಏಟನ್ನು ತಡೆಯಲು ಇರುವುದು, ನಿಮಿಷಗಟ್ಟಲೆ 300 ಬಂದರೆ ಅದರೊಳಗಿನ ಎಂಒವಿಯೇ ಸುಡುತ್ತದೆ. ಎಂಸಿಬಿ ಕರೆಂಟ್ ಜಾಸ್ತಿಯಾದರೆ ಬೀಳುತ್ತದೆ, ವೋಲ್ಟೇಜ್ ಜಾಸ್ತಿಯಾದರೆ ಅಲ್ಲ. ಬೇಕಾದದ್ದು ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್, ಎಂಸಿಬಿ ಪಕ್ಕದಲ್ಲೇ ಕೂರುವ ಸಣ್ಣ ಡಬ್ಬಿ. ವೋಲ್ಟೇಜ್ ಮಿತಿ ದಾಟಿದರೆ ಇಡೀ ಮನೆಯನ್ನೇ ಕಡಿದುಹಾಕುತ್ತದೆ, ಸರಿಯಾದ ಮೇಲೆ ಸ್ವಲ್ಪ ತಡೆದು ತಾನೇ ಹಾಕುತ್ತದೆ. ಹಳೆಯ ಬಿಲ್ಡಿಂಗಿನಲ್ಲಿ ಇರುವವರು ಹೊಸ ಯುಪಿಎಸ್‌ಗೆ ಮುಂಚೆ ಇದನ್ನು ಹಾಕಿಸಿಕೊಳ್ಳಲಿ ಅಂತ ನನ್ನ ಅಭಿಪ್ರಾಯ.

ಇಲ್ಲಿಂದ ಅಲ್ಲಿಗೆ ಒಯ್ಯುವವರಿಗೆ

ಭಯ ಕಡಿಮೆ. 230ಕ್ಕೆ ಇಟ್ಟ ಮಷೀನನ್ನು ಅಮೆರಿಕದ 120ಕ್ಕೆ ಹಾಕಿದರೆ ಸಾಮಾನ್ಯವಾಗಿ ಏನೂ ಸುಡುವುದಿಲ್ಲ, ಹತ್ತುವುದೇ ಇಲ್ಲ, ಇಲ್ಲವೇ ಹತ್ತಿ ಹತ್ತಿ ಆರುತ್ತದೆ. ಕೆಂಪು ಸ್ವಿಚ್ಚನ್ನು 115ಕ್ಕೆ ಸರಿಸಿ, ಅಲ್ಲಿಯ ವಾಯರ್ ಹಾಕಿ. ಹಾಗೆ ಒಯ್ದ ಮಷೀನು ರಜೆಗೆ ಮತ್ತೆ ಇಲ್ಲಿಗೆ ಬರುತ್ತದೆ ಅಂದರೆ ಪ್ಯಾಕ್ ಮಾಡುವಾಗಲೇ ಸ್ವಿಚ್ಚನ್ನು 230ಕ್ಕೆ ತಂದಿಡಿ. ಯುಪಿಎಸ್, ಸ್ಟೆಬಿಲೈಜರ್ ಒಯ್ಯಬೇಡಿ, ಅವು ಒಂದೇ ವೋಲ್ಟೇಜಿನವು, ಭಾರಕ್ಕೆ ಕೊಡುವ ಹಣವೂ ದಂಡ.